ಅಕ್ರಿಲಿಕ್ ಮೇಲಿನ ಬೆಳ್ಳಿಗೆರೆ: ಕ್ರೇಜ್ ಹುಟ್ಟುವುದನ್ನು ನೋಡುವ, ಅಳೆಯುವ, ತಡೆಯುವ ಸಮಗ್ರ ಮಾರ್ಗದರ್ಶಿ

ಲೇಸರ್‌ನಲ್ಲಿ ಕತ್ತರಿಸಿದ ಅಕ್ರಿಲಿಕ್ ಅಕ್ಷರಗಳನ್ನು ಬೋರ್ಡಿಗೆ ಕೂರಿಸಿ, ಕೊನೆಗೊಮ್ಮೆ ಚೆನ್ನಾಗಿ ಹೊಳೆಯಲಿ ಎಂದು ಸ್ಪಿರಿಟ್ ಹಾಕಿ ಒರೆಸುತ್ತೀರಿ. ಐದು ನಿಮಿಷ ಕಳೆಯುವುದರೊಳಗೆ ಅಂಚಿನಿಂದ ಒಳಕ್ಕೆ ನೂರಾರು ನವಿರಾದ ಬೆಳ್ಳಿಗೆರೆಗಳು ಎದ್ದು ನಿಲ್ಲುತ್ತವೆ. ಗಿರಾಕಿ ‘ಬಿರುಕು ಬಿಟ್ಟ ಮಾಲು ಕೊಟ್ಟಿದ್ದೀರಿ’ ಎನ್ನುತ್ತಾನೆ, ಅಂಗಡಿಯವನು ‘ಶೀಟ್ ಸರಿಯಿಲ್ಲ’ ಎನ್ನುತ್ತಾನೆ. ಅದು ಬಿರುಕಲ್ಲ. ಹೆಚ್ಚಿನ ಸಲ ಶೀಟಿನ ತಪ್ಪೂ ಅಲ್ಲ. ಅದು ಕ್ರೇಜ್. ಅದು ಎಲ್ಲಿ, ಯಾವಾಗ, ಎಷ್ಟು ಎಳೆತಕ್ಕೆ ಹುಟ್ಟುತ್ತದೆ ಎಂಬುದನ್ನು ಒಂದು ಜಿ-ಕ್ಲ್ಯಾಂಪ್, ಒಂದು ತೂಕದ ಕಲ್ಲು, ಒಂದು ಟಾರ್ಚ್ ಇದ್ದರೆ ನೀವೇ ಅಳೆಯಬಹುದು.

ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರದ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ, ಬೋರ್ಡ್ ಮಾಡುವ ಅಂಗಡಿಗಳಲ್ಲಿ, ಅಕ್ವೇರಿಯಂ ಮತ್ತು ಮಾಡೆಲ್ ಮಾಡುವವರ ಬಳಿ, ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಬೇಕಾದ ಸಾಮಾನೆಲ್ಲ ಎಸ್‌.ಪಿ. ರಸ್ತೆಯಲ್ಲಿ ಮತ್ತು ಯಾವುದೇ ಬಡಾವಣೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ.

ಕ್ರೇಜ್ ಎಂದರೆ ಏನು, ಬಿರುಕಿಗಿಂತ ಹೇಗೆ ಬೇರೆ

ಬಿರುಕಿನ ಎರಡು ದಡಗಳ ನಡುವೆ ಏನೂ ಇರುವುದಿಲ್ಲ, ಬರೀ ಗಾಳಿ. ಕ್ರೇಜ್‌ನ ಎರಡು ದಡಗಳ ನಡುವೆ ಅದೇ ಪ್ಲಾಸ್ಟಿಕ್ಕಿನ ಕೋಟ್ಯಂತರ ನೂಲುಗಳು ಸೇತುವೆಯಂತೆ ನಿಂತಿರುತ್ತವೆ. ಒಂದೊಂದು ನೂಲಿನ ದಪ್ಪ ಸುಮಾರು 5ರಿಂದ 20 ನ್ಯಾನೋಮೀಟರ್. ನೂಲು ನೂಲಿನ ನಡುವೆ ಖಾಲಿ ಜಾಗ. ಪಾಲಿಸ್ಟೈರೀನ್‌ನ (ಸಿಡಿ ಡಬ್ಬಿಯ ಗಡುಸು ಪ್ಲಾಸ್ಟಿಕ್) ಕ್ರೇಜ್‌ನಲ್ಲಿ ನೂಲು ಸುಮಾರು ನಾಲ್ಕು ಪಟ್ಟು ಹಿಗ್ಗಿರುತ್ತದೆ. ಅಂದರೆ ಆ ಪದರದಲ್ಲಿ ಕಾಲುಭಾಗ ಪ್ಲಾಸ್ಟಿಕ್, ಮುಕ್ಕಾಲು ಖಾಲಿ. ಅಕ್ರಿಲಿಕ್‌ನಲ್ಲಿ ಹಿಗ್ಗು ಎರಡು ಪಟ್ಟಿನ ಆಸುಪಾಸು, ಹಾಗಾಗಿ ಅರ್ಧಕ್ಕರ್ಧ. ಈ ಖಾಲಿ ಜಾಗದಿಂದಲೇ ಅದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಗ್ಗಿಸುವ ಪ್ರಮಾಣ) ಸುತ್ತಲಿನ ಪ್ಲಾಸ್ಟಿಕ್ಕಿಗಿಂತ ಕಡಿಮೆಯಾಗಿ, ಬೆಳಕು ಅಲ್ಲಿ ತಾಗಿ ವಾಪಸ್ ಹಾರುತ್ತದೆ. ಕಣ್ಣಿಗೆ ಕಾಣುವ ಬೆಳ್ಳಿ ಹೊಳಪು ಅದೇ.

ನೂಲುಗಳು ಇರುವವರೆಗೂ ಕ್ರೇಜ್ ಭಾರ ಹೊರುತ್ತದೆ. ಒಂದು ಪಟ್ಟಿಯ ಅಡ್ಡಕೊಯ್ತವಿಡೀ ಕ್ರೇಜ್ ಹಬ್ಬಿದ್ದರೂ ಅದು ತುಂಡಾಗದೆ ನಿಲ್ಲುವುದು ಇದರಿಂದಲೇ. ನೂಲುಗಳು ಹರಿಯತೊಡಗಿದ ಮೇಲೆ, ಸಾಮಾನ್ಯವಾಗಿ ಒಳಗೆ ಸಿಕ್ಕಿಕೊಂಡ ಧೂಳಿನ ಕಣದ ಹತ್ತಿರ, ನಿಜವಾದ ಬಿರುಕು ಹುಟ್ಟಿ ಆ ಕ್ರೇಜ್‌ನ ದಾರಿಯಲ್ಲೇ ಓಡುತ್ತದೆ. ಮುರಿದ ಅಕ್ರಿಲಿಕ್ ತುಂಡಿನ ಮುಖವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮಳೆ ಬಿದ್ದ ರಸ್ತೆಯ ಮೇಲೆ ಪೆಟ್ರೋಲ್ ಹನಿ ಹರಡಿದಾಗ ಕಾಣುವಂಥ ಹಸಿರು, ಗುಲಾಬಿ ಬಣ್ಣದ ಛಾಯೆ ಕಾಣುತ್ತದೆ. ಮುರಿಯುವ ಮೊದಲು ಅಲ್ಲಿದ್ದ ಕ್ರೇಜ್‌ನ ತೆಳು ಪದರ ಮುಖಕ್ಕೆ ಅಂಟಿಕೊಂಡು ಉಳಿದಿರುವುದೇ ಆ ಬಣ್ಣಕ್ಕೆ ಕಾರಣ.

ಇನ್ನು ಮೂರು ಸಂಗತಿ ತಲೆಯಲ್ಲಿರಲಿ, ಮುಂದಿನ ಕೆಲಸವೆಲ್ಲ ಇವುಗಳ ಮೇಲೆ ನಿಂತಿದೆ. ಕ್ರೇಜ್ ಎಳೆತ ಇರುವಲ್ಲಿ ಮಾತ್ರ ಹುಟ್ಟುತ್ತದೆ, ಅದುಮಿದ ಕಡೆ ಹುಟ್ಟುವುದಿಲ್ಲ. ಹುಟ್ಟಿದ್ದು ಅತಿ ಹೆಚ್ಚು ಎಳೆತದ ದಿಕ್ಕಿಗೆ ಲಂಬವಾಗಿ ನಿಲ್ಲುತ್ತದೆ. ಹಾಗಾಗಿ ಗೆರೆ ಯಾವ ಕಡೆ ಓಡಿದೆ ಎಂದು ನೋಡಿದರೆ ಎಳೆತ ಯಾವ ಕಡೆಯದು ಎಂದು ಹೇಳಬಹುದು. ಮೂರನೆಯದು ಸಮಯ. ಒಂದು ನಿಮಿಷದಲ್ಲಿ ಕ್ರೇಜ್ ತಾರದ ಎಳೆತ ಒಂದು ದಿನದಲ್ಲಿ ತರಬಹುದು.

ಹುಟ್ಟುವ ಕ್ಷಣದಲ್ಲಿ ಏನಾಗುತ್ತದೆ

ಮೇಲ್ಮೈಯಲ್ಲಿ ಗೀರೋ, ಧೂಳಿನ ಕಣವೋ, ಮೊಂಡು ಡ್ರಿಲ್ ಬಿಟ್ಟ ಗುಳಿಯೋ ಇರುವಲ್ಲಿ ಸ್ಟ್ರೆಸ್, ಅಂದರೆ ಅಡ್ಡಕೊಯ್ತದ ಒಂದೊಂದು ಚದರಕ್ಕೆ ಬೀಳುವ ಬಲ, ಒಟ್ಟಾಗುತ್ತದೆ. ದುಂಡನೆಯ ತೂತಿನ ಅಂಚಿನಲ್ಲೇ ಅದು ಸುತ್ತಲಿನದಕ್ಕಿಂತ ಮೂರು ಪಟ್ಟು. ಚೂಪು ಮೂಲೆಯಲ್ಲಿ ಇನ್ನೂ ಹೆಚ್ಚು. ಅಲ್ಲಿ ಪ್ಲಾಸ್ಟಿಕ್ ಒಂದಿಷ್ಟು ಜಾರಿ ಮೆತ್ತಗಾಗುತ್ತದೆ. ಆದರೆ ಸುತ್ತಲಿನ ಗಟ್ಟಿ ಭಾಗ ಅದನ್ನು ಎಲ್ಲ ಕಡೆಯಿಂದ ಹಿಡಿದಿರುವುದರಿಂದ ಅದಕ್ಕೆ ಅಗಲ ಕಿರಿದಾಗಿ ಉದ್ದವಾಗುವ ದಾರಿ ಇಲ್ಲ. ಜಾಗ ಬೇಕಾದಾಗ ಒಳಗೇ ನ್ಯಾನೋಮೀಟರ್ ಗಾತ್ರದ ಗುಳಿಗಳು ತೆರೆಯುತ್ತವೆ. ಗುಳಿಗಳ ನಡುವೆ ಉಳಿದ ಪ್ಲಾಸ್ಟಿಕ್ ನೂಲಾಗಿ ಎಳೆದುಕೊಳ್ಳುತ್ತದೆ.

ಅಲ್ಲಿಂದ ಮುಂದೆ ಕ್ರೇಜ್‌ನ ತುದಿ ಬೆರಳು ಬೆರಳಾಗಿ ಮುಂದೆ ಚಾಚುತ್ತದೆ. ಎರಡು ಗಾಜಿನ ಹಲಗೆಯ ನಡುವೆ ಹರಡಿದ ಗೋಂದನ್ನು ಬೇರ್ಪಡಿಸುವಾಗ ಗಾಳಿ ಒಳನುಗ್ಗುವ ರೀತಿ ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಹಾಗೇ. ಆರ್ಗನ್ ಮತ್ತು ಸಲಾಮಾ 1977ರಲ್ಲಿ ಮುಂದಿಟ್ಟ ವಿವರಣೆ ಇದು. ಗೆರೆ ದಪ್ಪವಾಗುವುದು ಬೇರೆ ರೀತಿ: ದಡದಲ್ಲಿರುವ ಹೊಸ ಪ್ಲಾಸ್ಟಿಕ್ಕನ್ನು ನೂಲಿನೊಳಕ್ಕೆ ಎಳೆದುಕೊಂಡು. ಕಾರ್ನೆಲ್‌ನಲ್ಲಿ ಎಡ್ವರ್ಡ್ ಕ್ರೇಮರ್ ಬಳಗ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇದನ್ನು ಬಿಡಿಸಿ ತೋರಿಸಿತು.

ನೂಲು ಎಷ್ಟು ಹಿಗ್ಗಬಲ್ಲದು ಎಂಬುದನ್ನು ತೀರ್ಮಾನಿಸುವುದು ಅಣುಸರಪಳಿಗಳ ಸಿಕ್ಕು. ಪಾಲಿಸ್ಟೈರೀನ್‌ನಲ್ಲಿ ಒಂದು ಸಿಕ್ಕಿಗೂ ಇನ್ನೊಂದಕ್ಕೂ ದೂರ ಬಹಳ, ಹಾಗಾಗಿ ಕ್ರೇಜ್ ಬೇಗ. ಪಾಲಿಕಾರ್ಬೊನೇಟ್ ಎಂಬ ಇನ್ನೊಂದು ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಸಿಕ್ಕು ದಟ್ಟ. ಅದು ಒಣಗಾಳಿಯಲ್ಲಿ ಕ್ರೇಜ್ ಆಗುವುದಕ್ಕಿಂತ ಮೊದಲೇ ಸುಮಾರು 6 ಶೇಕಡ ಸ್ಟ್ರೇನ್‌ನಲ್ಲಿ (ಮೂಲ ಉದ್ದಕ್ಕೆ ಹೋಲಿಸಿದ ಹಿಗ್ಗು) ಜಾರಿ ಬಾಗಿಬಿಡುತ್ತದೆ. ಅಕ್ರಿಲಿಕ್ ಇವೆರಡರ ನಡುವೆ. ಎರಕದ (ಅಚ್ಚಿನಲ್ಲಿ ಹೊಯ್ದು ಮಾಡಿದ, ಕಾಸ್ಟ್) ಶೀಟಿನ ಸರಪಳಿ ಎಕ್ಸ್‌ಟ್ರೂಡ್ (ಕರಗಿಸಿ ಯಂತ್ರದಿಂದ ಹಾಳೆಯಾಗಿ ಹೊರದೂಡಿದ) ಶೀಟಿನದಕ್ಕಿಂತ ಬಹಳ ಉದ್ದ, ಆದ್ದರಿಂದ ಎರಕದ್ದು ಹೆಚ್ಚು ತಾಳುತ್ತದೆ. ಬೆಲೆಯ ವ್ಯತ್ಯಾಸ ಕೊಟ್ಟರೂ ಸರಿ, ತೂತು ಕೊರೆದು ಬೋಲ್ಟ್ ಹಾಕುವ ಕೆಲಸಕ್ಕೆ ಎರಕದ್ದನ್ನೇ ಕೊಳ್ಳಿ.

ಮೊದಲು ಕಣ್ಣನ್ನು ಪಳಗಿಸಿಕೊಳ್ಳಿ: ಸಿಡಿ ಡಬ್ಬಿಯ ಪಟ್ಟಿ

ಅಳತೆಗೆ ಇಳಿಯುವ ಮೊದಲು ಕ್ರೇಜ್ ಹೇಗಿರುತ್ತದೆ ಎಂದು ಕಣ್ಣಿಗೆ ಗೊತ್ತಿರಬೇಕು. ಇದಕ್ಕೆ ಹಳೆಯ ಸಿಡಿ ಡಬ್ಬಿಯ ಪಾರದರ್ಶಕ ಮುಚ್ಚಳಕ್ಕಿಂತ ಒಳ್ಳೆಯದು ಇಲ್ಲ. ಅದು ಪಾಲಿಸ್ಟೈರೀನ್, ದಪ್ಪ ಸುಮಾರು 1.2 ಮಿ.ಮೀ. ಡಬ್ಬಿ ಸಿಗದಿದ್ದರೆ ತ್ರಿಕೋನದೊಳಗೆ 6 ಎಂದು ಗುರುತಿರುವ, ಗಾಜಿನಂತೆ ತಿಳಿಯಾದ, ಗಡುಸಾದ ಯಾವುದೇ ಡಬ್ಬಿಯ ಚಪ್ಪಟೆ ಭಾಗ ಆದೀತು.

ಮುಚ್ಚಳದಿಂದ 15 ಮಿ.ಮೀ. ಅಗಲ, 120 ಮಿ.ಮೀ. ಉದ್ದದ ನಾಲ್ಕು ಪಟ್ಟಿ ಕತ್ತರಿಸಿ. ಬ್ಲೇಡಿನಲ್ಲಿ ಗೀರಿ ಮುರಿದರೆ ಅಂಚಿನಲ್ಲಿ ಚಿಕ್ಕ ಚಿಕ್ಕ ಕಚ್ಚು ಉಳಿಯುತ್ತದೆ. ಅದನ್ನು 400, 800, 1200 ನಂಬರಿನ ನೀರುಗಾಗದದಲ್ಲಿ (ನೀರು ಹಾಕಿ ಉಜ್ಜುವ ಮರಳುಕಾಗದ) ಉಜ್ಜಿ ತೆಗೆಯಿರಿ. ಉಜ್ಜುವುದು ಯಾವಾಗಲೂ ಪಟ್ಟಿಯ ಉದ್ದಕ್ಕೇ. ಉದ್ದಕ್ಕಿರುವ ಗೀರು ಎಳೆತದ ದಿಕ್ಕಿನಲ್ಲೇ ಮಲಗಿರುವುದರಿಂದ ಹೆಚ್ಚು ತೊಂದರೆ ಮಾಡುವುದಿಲ್ಲ. ಅಡ್ಡಕ್ಕೆ ಬಿದ್ದ ಒಂದೇ ಒಂದು ಗೀರು ಇಡೀ ಪ್ರಯೋಗವನ್ನು ಕೆಡಿಸುತ್ತದೆ, ಕ್ರೇಜ್ ಅಲ್ಲಿಂದಲೇ ಶುರುವಾಗುತ್ತದೆ. ಸೋಪು ನೀರಿನಲ್ಲಿ ತೊಳೆದು ಒಣಗಿಸಿದ ಮೇಲೆ ಮಧ್ಯಭಾಗವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಕೂತಲ್ಲಿ ಕ್ರೇಜ್ ಬೇಗ ಬರುತ್ತದೆ.

ಪಟ್ಟಿಯನ್ನು ಪಿವಿಸಿ ಪೈಪಿನ ಮೇಲೆ ಬಗ್ಗಿಸಿ ಎರಡೂ ತುದಿಗೆ ಇನ್ಸುಲೇಶನ್ ಟೇಪ್ ಬಿಗಿದರೆ ಹೊರಮೈಯ ಸ್ಟ್ರೇನ್ ಎಷ್ಟು ಎಂದು ನೇರ ಲೆಕ್ಕ ಸಿಗುತ್ತದೆ: ಪಟ್ಟಿಯ ದಪ್ಪವನ್ನು ಪೈಪಿನ ಹೊರವ್ಯಾಸ ಮತ್ತು ಪಟ್ಟಿಯ ದಪ್ಪ ಎರಡರ ಮೊತ್ತದಿಂದ ಭಾಗಿಸಿ. 1.2 ಮಿ.ಮೀ. ಪಟ್ಟಿಗೆ 200 ಮಿ.ಮೀ. ಪೈಪಿನ ಮೇಲೆ 0.60 ಶೇಕಡ, 160ರ ಮೇಲೆ 0.74, 110ರ ಮೇಲೆ 1.08, 75ರ ಮೇಲೆ 1.57. ಪ್ಲಂಬರ್ ಕೆಲಸ ನಡೆಯುವ ಯಾವ ಕಟ್ಟಡದಲ್ಲೂ ಈ ಪೈಪುಗಳ ತುಂಡು ಸಿಗುತ್ತದೆ. ಕಣ್ಣಿಗೆ ಸೇಫ್ಟಿ ಕನ್ನಡಕ ಹಾಕಿಕೊಂಡೇ ಬಗ್ಗಿಸಿ. 75ರ ಮೇಲೆ ಪಟ್ಟಿ ಬಹುಮಟ್ಟಿಗೆ ಸಿಡಿದು ಮುರಿಯುತ್ತದೆ, ಚೂರು ಚೂಪಾಗಿರುತ್ತದೆ.

ಈಗ ಕೋಣೆಯ ದೀಪ ಆರಿಸಿ. ಪಟ್ಟಿಯ ಹಿಂದೆ ಕಪ್ಪು ಕಾಗದ ಇರಲಿ. ಮೊಬೈಲ್ ಟಾರ್ಚನ್ನು ಪಟ್ಟಿಯ ಉದ್ದಕ್ಕೆ, ಮೇಲ್ಮೈಗೆ ತೀರಾ ಓರೆಯಾಗಿ ಹಿಡಿದು, ತಲೆಯನ್ನು ನಿಧಾನವಾಗಿ ಅತ್ತಿತ್ತ ಸರಿಸಿ. ಮೊದಲು ಏನೂ ಕಾಣದು. ಒಂದು ಕೋನದಲ್ಲಿ ತಟ್ಟನೆ, ಬೆಳಗಿನ ಬಿಸಿಲಿಗೆ ಜೇಡರ ಎಳೆ ಮಿಂಚಿದ ಹಾಗೆ, ಮಿಲಿಮೀಟರ್ ಉದ್ದದ ಒಂದು ಗೆರೆ ಹೊಳೆಯುತ್ತದೆ. ತಲೆ ಒಂದು ಬೆರಳಷ್ಟು ಸರಿದರೆ ಮಾಯ. ಕ್ರೇಜ್ ಒಂದು ಚಪ್ಪಟೆ ಕನ್ನಡಿ. ಹಾಗಾಗಿ ಒಂದೇ ಕೋನದಲ್ಲಿ ಬೆಳಗುತ್ತದೆ. ಗೀರು ಹಾಗಲ್ಲ, ಅದು ಎಲ್ಲ ಕೋನದಲ್ಲೂ ಮಂಕಾಗಿ ಕಾಣುತ್ತದೆ, ಉಗುರಿಗೂ ತಗಲುತ್ತದೆ. ಈ ವ್ಯತ್ಯಾಸ ಕಣ್ಣಿಗೆ ಬಂದರೆ ಅರ್ಧ ಕೆಲಸ ಮುಗಿದಂತೆ.

110ರ ಪೈಪಿನ ಮೇಲೆ ಸಾಮಾನ್ಯವಾಗಿ ನಿಮಿಷಗಳಲ್ಲಿ ಗೆರೆ ಕಾಣುತ್ತದೆ, ದೊಡ್ಡ ಪೈಪಿನ ಮೇಲೆ ಕಾಯಬೇಕು. 1 ನಿಮಿಷ, 10 ನಿಮಿಷ, 1 ಗಂಟೆ, 1 ದಿನ ಹೀಗೆ ನೋಡುತ್ತ ಬನ್ನಿ. ಸಮ ಅಂತರದಲ್ಲಿ ನೋಡುವುದಕ್ಕಿಂತ ಇದು ಸರಿ, ಯಾಕೆಂದರೆ ಹೊಸ ಗೆರೆ ಹುಟ್ಟುವ ವೇಗ ಸಮಯ ಕಳೆದಂತೆ ಇಳಿಯುತ್ತದೆ. ಟೇಪ್ ಬಿಚ್ಚಿ ಪಟ್ಟಿಯನ್ನು ನೇರ ಬಿಟ್ಟರೆ ಗೆರೆಗಳು ಮಂಕಾಗುತ್ತವೆ, ಮತ್ತೆ ಬಗ್ಗಿಸಿದರೆ ಅದೇ ಜಾಗದಲ್ಲಿ ಹೊಳೆಯುತ್ತವೆ. ಪೈಪಿಗೆ ತಾಗಿದ್ದ ಒಳಮೈಯನ್ನೂ ನೋಡಿ: ಅಲ್ಲಿ ಒಂದೂ ಗೆರೆ ಇರುವುದಿಲ್ಲ, ಅದು ಅದುಮಿದ ಮೈ.

ಅಳತೆ: 6 ಮಿ.ಮೀ. ಅಕ್ರಿಲಿಕ್ ಪಟ್ಟಿ, ಒಂದು ತುದಿ ಕ್ಲ್ಯಾಂಪಿನಲ್ಲಿ

ಇದು ಈ ಬರಹದ ಮುಖ್ಯ ಭಾಗ. ಒಂದು ತುದಿಯನ್ನು ಮೇಜಿಗೆ ಬಿಗಿದು ಇನ್ನೊಂದು ತುದಿಗೆ ಭಾರ ತೂಗಿಬಿಟ್ಟರೆ, ಪಟ್ಟಿಯ ಮೇಲ್ಮೈಯಲ್ಲಿ ಎಳೆತ ಕ್ಲ್ಯಾಂಪಿನ ಬಳಿ ಅತಿ ಹೆಚ್ಚು, ಭಾರದ ಬಳಿ ಸೊನ್ನೆ, ನಡುವೆ ಒಂದೇ ಸಮನಾಗಿ ಇಳಿಯುತ್ತದೆ. ಒಂದೇ ಪಟ್ಟಿಯಲ್ಲಿ ಸೊನ್ನೆಯಿಂದ ಗರಿಷ್ಠದವರೆಗೆ ಎಲ್ಲ ಸ್ಟ್ರೆಸ್‌ಗಳೂ ಸಿಕ್ಕಿಬಿಡುತ್ತವೆ. ಕ್ರೇಜ್ ಎಲ್ಲಿಗೆ ನಿಲ್ಲುತ್ತದೋ ಅಲ್ಲಿನ ಸ್ಟ್ರೆಸ್ಸೇ ಆ ದ್ರವಕ್ಕೆ, ಅಷ್ಟು ಸಮಯಕ್ಕೆ, ಆ ಶೀಟಿನ ಮಿತಿ. ವಿಮಾನದ ಕಿಟಕಿ ಮತ್ತು ಮೇಲುಹೊದಿಕೆಯ ಅಕ್ರಿಲಿಕ್ ಪರೀಕ್ಷಿಸಲು ಬಳಸುವ ಎಎಸ್‌ಟಿಎಂ ಎಫ್484 ಎಂಬ ಪರೀಕ್ಷಾ ಮಾನದಂಡ ಕೂಡ ಇದೇ ತತ್ತ್ವದ್ದು. ವಿಮಾನ ಕಟ್ಟುವ ಎಚ್‌ಎಎಲ್, ವಿಮಾನ ಸಂಶೋಧನೆಯ ಎನ್‌ಎಎಲ್ ಇರುವ ಊರಿನಲ್ಲಿ ಈ ಸಂಖ್ಯೆ ಕೇಳಿದವರು ಸಿಗುತ್ತಾರೆ.

ಪಟ್ಟಿಯ ಅಳತೆಯನ್ನು ಲೆಕ್ಕ ಸುಲಭವಾಗುವಂತೆ ಆರಿಸಿದೆ: ಅಗಲ 25 ಮಿ.ಮೀ., ದಪ್ಪ 6 ಮಿ.ಮೀ., ಕ್ಲ್ಯಾಂಪಿನ ಅಂಚಿನಿಂದ ಭಾರದ ದಾರದವರೆಗೆ 150 ಮಿ.ಮೀ. ಸೂತ್ರ ಹೀಗೆ:

ಸ್ಟ್ರೆಸ್ = 6 × ಬಲ × ಭಾರದಿಂದ ದೂರ ÷ (ಅಗಲ × ದಪ್ಪ × ದಪ್ಪ)

ಸಂಖ್ಯೆ ಹಾಕಿ ನೋಡಿ. 6 × 150 ಎಂದರೆ 900, 25 × 6 × 6 ಎಂದರೂ 900. ಹಾಗಾಗಿ ಕ್ಲ್ಯಾಂಪಿನ ಬಳಿಯ ಸ್ಟ್ರೆಸ್ ಮೆಗಾಪಾಸ್ಕಲ್‌ನಲ್ಲಿ ಎಷ್ಟೋ, ಭಾರ ನ್ಯೂಟನ್‌ನಲ್ಲಿ ಅಷ್ಟೇ. 2 ಕೆಜಿ ತೂಕದ ಕಲ್ಲು 19.6 ನ್ಯೂಟನ್, ಕ್ಲ್ಯಾಂಪಿನ ಬಳಿ 19.6 ಮೆಗಾಪಾಸ್ಕಲ್. ಅಕ್ರಿಲಿಕ್ ಎಳೆತಕ್ಕೆ ಮುರಿಯುವ ಮಿತಿ 70 ಮೆಗಾಪಾಸ್ಕಲ್ ಆಸುಪಾಸು ಇರುವುದರಿಂದ ಇದು ಅದರಿಂದ ಬಹಳ ಕೆಳಗಿದೆ. ತುದಿ ಸುಮಾರು 16 ಮಿ.ಮೀ. ಬಗ್ಗುತ್ತದೆ.

ಮಾಡುವ ಕ್ರಮ:

1. ಎರಕದ ಶೀಟಿನಿಂದ 25 × 220 ಮಿ.ಮೀ. ಪಟ್ಟಿ ಆರು ಕತ್ತರಿಸಿ. ಗರಗಸದಲ್ಲಿ ಕತ್ತರಿಸಿ ಅಂಚನ್ನು ಉದ್ದಕ್ಕೆ 1200 ನಂಬರಿನವರೆಗೆ ಉಜ್ಜಿ. ಲೇಸರ್ ಅಂಚಿನ ಪಟ್ಟಿ ಈ ಅಳತೆಗೆ ಬೇಡ, ಅದಕ್ಕೆ ಬೇರೆ ಪ್ರಯೋಗ ಮುಂದೆ ಇದೆ.

2. ವರ್ನಿಯರ್‌ನಲ್ಲಿ ದಪ್ಪವನ್ನು ಮೂರು ಕಡೆ ಅಳೆಯಿರಿ. ಬಿಲ್ಲಿನಲ್ಲಿ 6 ಎಂದಿದ್ದರೂ ಶೀಟ್ 5.5 ಇರಬಹುದು. ಸೂತ್ರದಲ್ಲಿ ದಪ್ಪದ ವರ್ಗ ಇರುವುದರಿಂದ ಆ ಅರ್ಧ ಮಿಲಿಮೀಟರ್ ಸ್ಟ್ರೆಸ್ಸನ್ನು 19 ಶೇಕಡ ಏರಿಸುತ್ತದೆ. ತಪ್ಪು ಉತ್ತರ ಬರುವುದು ಹೆಚ್ಚಾಗಿ ಇಲ್ಲೇ.

3. ಕತ್ತರಿಸುವಾಗ ಒಳಗೆ ಸೇರಿಕೊಂಡ ಎಳೆತ ಹೋಗಲು ಪಟ್ಟಿಗಳನ್ನು ಅನೀಲ್ ಮಾಡಿ, ಅಂದರೆ ಹದವಾಗಿ ಕಾಯಿಸಿ ನಿಧಾನವಾಗಿ ತಣಿಸಿ. ವಿಧಾನ ಕೆಳಗಿದೆ.

4. ಪಟ್ಟಿಯ ಒಂದು ತುದಿಯ 60 ಮಿ.ಮೀ. ಭಾಗವನ್ನು ಮೇಜಿನ ಅಂಚಿಗೆ ಇಟ್ಟು, ಮೇಲೊಂದು ಮರದ ಅಥವಾ ಅಲ್ಯೂಮಿನಿಯಂ ತುಂಡಿಟ್ಟು, ಜಿ-ಕ್ಲ್ಯಾಂಪ್ ಬಿಗಿಯಿರಿ. ಮೇಲಿನ ತುಂಡಿನ ಅಂಚು ಮೇಜಿನ ಅಂಚಿನ ನೇರಕ್ಕೆ ಬರಲಿ. ತುಂಡಿನ ಕೆಳಗೆ ತೆಳು ರಬ್ಬರ್ ಹಾಕಿ, ಇಲ್ಲದಿದ್ದರೆ ಕ್ಲ್ಯಾಂಪ್ ಕಚ್ಚಿದ ಗುರುತಿನಿಂದಲೇ ಕ್ರೇಜ್ ಶುರುವಾಗಿ ನಿಮ್ಮನ್ನು ದಾರಿ ತಪ್ಪಿಸುತ್ತದೆ.

5. ಅಂಚಿನಿಂದ 150 ಮಿ.ಮೀ. ದೂರದಲ್ಲಿ ದಾರ ಸುತ್ತಿ 2 ಕೆಜಿ ಕಲ್ಲನ್ನು ಮೆಲ್ಲಗೆ ಬಿಡಿ. ಧೊಪ್ಪನೆ ಬಿಟ್ಟರೆ ಕ್ಷಣಕಾಲ ಎರಡು ಪಟ್ಟು ಬಲ ಬೀಳುತ್ತದೆ. ಹತ್ತು ನಿಮಿಷ ಹಾಗೇ ಬಿಟ್ಟು ಟಾರ್ಚಿನಲ್ಲಿ ನೋಡಿ. ಏನೂ ಹಚ್ಚದೆಯೇ ಗೆರೆ ಕಂಡರೆ ಪಟ್ಟಿ ಸರಿಯಿಲ್ಲ, ಬದಲಿಸಿ.

6. ಬಿಳಿ ಹತ್ತಿ ಬಟ್ಟೆಯ 15 ಮಿ.ಮೀ. ಅಗಲದ ತುಂಡನ್ನು ಪಟ್ಟಿಯ ಮೇಲ್ಮೈಯ ಮಧ್ಯಕ್ಕೆ ಹಾಸಿ, ಪರೀಕ್ಷಿಸುವ ದ್ರವದಲ್ಲಿ ನೆನೆಸಿ. ಅಂಚಿನಿಂದ 5 ಮಿ.ಮೀ. ಒಳಗೇ ಇರಲಿ, ದ್ರವ ಅಂಚಿಗೆ ಇಳಿಯಬಾರದು. ಆವಿಯಾದಂತೆ ಡ್ರಾಪರ್‌ನಲ್ಲಿ ಸೇರಿಸುತ್ತ 30 ನಿಮಿಷ ಒದ್ದೆಯಾಗಿಯೇ ಇಡಿ.

7. ಬಟ್ಟೆ ತೆಗೆದು, ಭಾರ ಇನ್ನೂ ತೂಗುತ್ತಿರುವಾಗಲೇ ಓರೆ ಬೆಳಕಿನಲ್ಲಿ ನೋಡಿ. ಕ್ಲ್ಯಾಂಪಿನ ಬಳಿ ದಟ್ಟ ಗೆರೆಗಳು, ಮುಂದೆ ಹೋದಂತೆ ವಿರಳ, ಒಂದು ಕಡೆ ಕೊನೆಯ ಗೆರೆ. ಆ ಕೊನೆಯ ಗೆರೆಗೆ ಮಾರ್ಕರ್‌ನಲ್ಲಿ ಗುರುತು ಹಾಕಿ, ಭಾರದ ದಾರದಿಂದ ಅದಕ್ಕೆ ಎಷ್ಟು ದೂರ ಎಂದು ಅಳೆಯಿರಿ.

ಉದಾಹರಣೆಗೆ ಆ ದೂರ 90 ಮಿ.ಮೀ. ಎಂದಿಟ್ಟುಕೊಳ್ಳಿ. 19.6 × 90 ÷ 150 ಎಂದರೆ 11.8 ಮೆಗಾಪಾಸ್ಕಲ್. ಆ ದ್ರವ ತಾಗುವ ಜಾಗದಲ್ಲಿ ನಿಮ್ಮ ವಸ್ತುವಿನ ಎಳೆತ ಇದಕ್ಕಿಂತ ಸಾಕಷ್ಟು ಕೆಳಗಿರಬೇಕು ಎಂದರ್ಥ. ಮೂರು ಪಟ್ಟಿಯಲ್ಲಿ ಒಂದೇ ದ್ರವ, ಇನ್ನು ಮೂರರಲ್ಲಿ ಬರೀ ನೀರು. ನೀರಿನ ಪಟ್ಟಿಯಲ್ಲಿ ಗೆರೆ ಇಲ್ಲದಿದ್ದರೆ ದೋಷ ದ್ರವದ್ದೇ ಎಂದು ಧೈರ್ಯವಾಗಿ ಹೇಳಬಹುದು. ಮೂರು ಪಟ್ಟಿಯ ಉತ್ತರಗಳಲ್ಲಿ ಹತ್ತು ಮಿಲಿಮೀಟರ್ ಆಚೀಚೆ ಆಗುವುದು ಸಹಜ. ಅದಕ್ಕಿಂತ ಹೆಚ್ಚಾದರೆ ಅಂಚು ಉಜ್ಜಿದ ರೀತಿಯನ್ನೋ ದಪ್ಪವನ್ನೋ ಮತ್ತೆ ನೋಡಿ. ಕೊನೆಯ ಗೆರೆ ದಾರದ ಹತ್ತಿರಕ್ಕೇ ಬಂದಿದ್ದರೆ 1 ಕೆಜಿಗೆ ಇಳಿಸಿ ಮಾಡಿ.

ಐಸೊಪ್ರೊಪೈಲ್ ಆಲ್ಕೋಹಾಲ್, ಅಂದರೆ ಸರ್ಕ್ಯೂಟ್ ಬೋರ್ಡ್ ತೊಳೆಯಲು ಎಸ್‌.ಪಿ. ರಸ್ತೆಯಲ್ಲಿ ಮಾರುವ ಐಪಿಎ, ಮೊದಲ ಪ್ರಯೋಗಕ್ಕೆ ಒಳ್ಳೆಯದು. ಬೆಂಕಿ ಹತ್ತುವ ವಸ್ತು ಅದು, ಕಿಟಕಿ ತೆರೆದಿರಲಿ, ಹತ್ತಿರ ಒಲೆ ಬೇಡ. ನಂತರ ನಿಮ್ಮ ಅಂಗಡಿಯಲ್ಲಿ ನಿಜಕ್ಕೂ ಬಳಸುವ ಗ್ಲಾಸ್ ಕ್ಲೀನರ್, ಸ್ಟಿಕರ್ ಗೋಂದು ತೆಗೆಯುವ ದ್ರವ, ಹ್ಯಾಂಡ್ ಸ್ಯಾನಿಟೈಸರ್ ಎಲ್ಲವನ್ನೂ ಇದೇ ರೀತಿ ಪರೀಕ್ಷಿಸಿ ಉತ್ತರಗಳನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿ. ಅಸಿಟೋನ್ ಮತ್ತು ಥಿನ್ನರ್ ಅಕ್ರಿಲಿಕ್ಕನ್ನು ಕರಗಿಸಿಯೇ ಬಿಡುತ್ತವೆ, ಅವನ್ನು ಅಳೆಯುವ ಅಗತ್ಯವಿಲ್ಲ.

ಗಿರಾಕಿಗೆ ವರದಿ ಕೊಡಬೇಕಾದರೆ ಐಎಸ್‌ಒ 22088 ಎಂಬ ಅಂತರರಾಷ್ಟ್ರೀಯ ಮಾನದಂಡ ನೋಡಿ. ಅದರ ಎರಡನೆಯ ಭಾಗ ಸ್ಥಿರ ಎಳೆತದ್ದು, ಮೂರನೆಯದು ಪಟ್ಟಿ ಬಗ್ಗಿಸುವುದು. ಪೈಪಿನ ಮೇಲೆ ಮಾಡಿದ್ದು ಆ ಮೂರನೆಯದರ ಮನೆಮಟ್ಟದ ರೂಪ. ಅಧಿಕೃತ ಪರೀಕ್ಷೆ ಬೇಕಾದವರಿಗೆ ಮೈಸೂರಿನಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದ ಸರ್ಕಾರಿ ಸಂಸ್ಥೆ ಸಿಪೆಟ್ ಇದೆ.

ದ್ರವ ಯಾಕೆ ಇಷ್ಟು ಕೆಡಿಸುತ್ತದೆ

ಆಲ್ಕೋಹಾಲ್ ಅಕ್ರಿಲಿಕ್ಕನ್ನು ಕರಗಿಸುವುದಿಲ್ಲ. ಎಳೆತವಿಲ್ಲದ ಹಳೆಯ ಶೀಟನ್ನು ಅದರಿಂದ ಒರೆಸಿದರೆ ಏನೂ ಆಗುವುದಿಲ್ಲ. ಆದರೆ ಎಳೆತವಿರುವಲ್ಲಿ ಕ್ರೇಜ್‌ನ ತುದಿಗೆ ಅದು ನುಗ್ಗಿ, ಅಲ್ಲಿನ ಸರಪಳಿಗಳನ್ನು ಸಡಿಲಿಸಿ, ಹೊಸ ಗುಳಿ ತೆರೆಯಲು ಬೇಕಾದ ಶಕ್ತಿಯನ್ನು ಇಳಿಸುತ್ತದೆ. ಕ್ರೇಜ್ ತಾನೇ ಒಂದು ಸ್ಪಂಜು, ದ್ರವವನ್ನು ತನ್ನ ತುದಿಗೆ ತಾನೇ ಹೀರಿ ಒಯ್ಯುತ್ತದೆ. ಎಳೆತ ಒಂದೇ ಇದ್ದರೆ ತಾಳುತ್ತದೆ, ದ್ರವ ಒಂದೇ ಇದ್ದರೂ ತಾಳುತ್ತದೆ, ಎರಡೂ ಸೇರಿದರೆ ತಾಳುವುದಿಲ್ಲ. ಕೋವಿಡ್ ಕಾಲದಲ್ಲಿ ಕೌಂಟರ್‌ಗಳ ಮುಂದೆ ನಿಂತ ಅಕ್ರಿಲಿಕ್ ತಡೆಗಳನ್ನು ದಿನಕ್ಕೆ ಹತ್ತು ಸಲ ಸ್ಯಾನಿಟೈಸರ್‌ನಲ್ಲಿ ಒರೆಸಿದಾಗ ಗೆರೆ ಎದ್ದದ್ದು ಬೋಲ್ಟ್ ಬಿಗಿದ ತೂತು ಮತ್ತು ಲೇಸರ್ ಅಂಚುಗಳಲ್ಲಿ, ನಡುಭಾಗದಲ್ಲಲ್ಲ. ಕಾರಣ ಇದೇ.

ಪಾಲಿಸ್ಟೈರೀನ್‌ಗೆ ಅಡುಗೆ ಎಣ್ಣೆ, ಬೆಣ್ಣೆಯ ಜಿಡ್ಡೂ ಸಾಕು. ಪಾಲಿಕಾರ್ಬೊನೇಟ್ ಗಾಳಿಯಲ್ಲಿ ಗಟ್ಟಿಗ, ಆದರೆ ಬೋಲ್ಟಿಗೆ ಹಚ್ಚುವ ಥ್ರೆಡ್‌ಲಾಕರ್ ತಾಗಿದರೆ ತೂತಿನ ಸುತ್ತ ಬಿರಿಯುತ್ತದೆ.

ಲೇಸರ್ ಅಂಚು: ಕಾಣದ ಎಳೆತವನ್ನು ಕಾಣಿಸುವುದು

ಲೇಸರ್ ಕತ್ತರಿಸುವಾಗ ಅಂಚಿನ ತೆಳು ಪದರ ಕರಗುತ್ತದೆ, ಹಿಂದಿನ ಭಾಗ ತಣ್ಣಗೇ ಇರುತ್ತದೆ. ಕರಗಿದ ಪದರ ಗಟ್ಟಿಯಾಗಿ ಕುಗ್ಗಲು ಹೊರಟಾಗ ತಣ್ಣನೆಯ ಮೈ ಬಿಡುವುದಿಲ್ಲ. ಅಂಚು ಶಾಶ್ವತವಾಗಿ ಎಳೆತದಲ್ಲಿ ಉಳಿಯುತ್ತದೆ, ಹೊರಗಿನ ಭಾರ ಏನೂ ಇಲ್ಲದೆಯೇ. ಬೆಂಕಿಯ ಜ್ವಾಲೆಯಲ್ಲಿ ಅಂಚು ಹೊಳಪು ಮಾಡಿದಾಗಲೂ ಹೀಗೇ. ಹೊಳೆಯುವ ಅಂಚು ನೋಡಲು ಚೆಂದ, ಒಳಗೆ ಬಿಗಿದ ತಂತಿ.

ಒಂದೇ ಶೀಟಿನಿಂದ ಎರಡು ತುಂಡು ಲೇಸರ್‌ನಲ್ಲಿ ಕತ್ತರಿಸಿ. ಒಂದನ್ನು ಅನೀಲ್ ಮಾಡಿ, ಇನ್ನೊಂದನ್ನು ಹಾಗೇ ಬಿಡಿ. ಎರಡರ ಅಂಚಿಗೂ ಐಪಿಎ ಹಚ್ಚಿ 15 ನಿಮಿಷ ಒದ್ದೆ ಇರಿಸಿ. ಹಾಗೇ ಬಿಟ್ಟ ತುಂಡಿನಲ್ಲಿ ಅಂಚಿಗೆ ಲಂಬವಾಗಿ ಗೆರೆಗಳು ಬಾಚಣಿಗೆಯ ಹಲ್ಲಿನಂತೆ ಸಾಲುಗಟ್ಟುತ್ತವೆ. ಎಳೆತ ಅಂಚಿನ ಉದ್ದಕ್ಕಿದೆ, ಗೆರೆ ಅದಕ್ಕೆ ಅಡ್ಡ. ಗಿರಾಕಿಗೆ, ಹೊಸ ಕೆಲಸಗಾರನಿಗೆ ವಿಷಯ ಮನದಟ್ಟು ಮಾಡಲು ಈ ಎರಡು ತುಂಡಿಗಿಂತ ಬೇರೆ ಮಾತು ಬೇಡ.

ದ್ರವ ಹಚ್ಚದೆ ಎಳೆತ ನೋಡಬೇಕಾದರೆ ಲ್ಯಾಪ್‌ಟಾಪ್‌ನ ಬಿಳಿ ಪರದೆಯ ಮುಂದೆ ವಸ್ತುವನ್ನು ಹಿಡಿದು, ಪೋಲರಾಯ್ಡ್ ಕನ್ನಡಕ ಅಥವಾ ಹಳೆ ಎಲ್‌ಸಿಡಿಯಿಂದ ಬಿಡಿಸಿದ ಹಾಳೆಯ ಮೂಲಕ, ಪರದೆ ಕಪ್ಪಾಗುವವರೆಗೆ ತಿರುಗಿಸಿ ನೋಡಿ. ಪಾಲಿಸ್ಟೈರೀನ್, ಪಾಲಿಕಾರ್ಬೊನೇಟ್ ಕಾಮನಬಿಲ್ಲಿನಂತೆ ಬಣ್ಣ ತೋರುತ್ತವೆ. ಅಕ್ರಿಲಿಕ್ ಈ ವಿಷಯದಲ್ಲಿ ಮಂಕು, ಅಂಚಿನಲ್ಲಿ ಬೂದು-ಬಿಳಿ ಪಟ್ಟಿ ಕಂಡರೆ ಅದೇ ಬಹಳ. ಬಣ್ಣ ಕಾಣಲಿಲ್ಲ ಎಂದು ಅಕ್ರಿಲಿಕ್‌ನಲ್ಲಿ ಎಳೆತ ಇಲ್ಲ ಎಂದುಕೊಳ್ಳಬೇಡಿ.

ಅನೀಲ್ ಮಾಡುವ ವಿಧಾನ

ಅಕ್ರಿಲಿಕ್ ಮೆತ್ತಗಾಗುವುದು ಸುಮಾರು 105 ಡಿಗ್ರಿಯಲ್ಲಿ. ಅದಕ್ಕಿಂತ ಕೆಳಗೆ, 80 ಡಿಗ್ರಿಯಲ್ಲಿ ಹಿಡಿದಿಟ್ಟರೆ ಆಕಾರ ಕೆಡದೆ ಎಳೆತ ಸಡಿಲವಾಗುತ್ತದೆ. ಎಕ್ಸ್‌ಟ್ರೂಡ್ ಶೀಟಾದರೆ 70ರ ಆಸುಪಾಸಿನಲ್ಲಿ ಮಾಡಿ, ಅದು ಬೇಗ ಸೊಟ್ಟಗಾಗುತ್ತದೆ. ಎಷ್ಟು ಹೊತ್ತು? ದಪ್ಪದ ಮಿಲಿಮೀಟರನ್ನು ಮೂರರಿಂದ ಭಾಗಿಸಿದಷ್ಟು ಗಂಟೆ, ಆದರೆ ಎರಡು ಗಂಟೆಗೆ ಕಡಿಮೆಯಿಲ್ಲ. 6 ಮಿ.ಮೀ.ಗೆ 2 ಗಂಟೆ, 12 ಮಿ.ಮೀ.ಗೆ 4 ಗಂಟೆ. ತಣಿಸುವುದೇ ಕೆಲಸದ ಜೀವಾಳ: ಗಂಟೆಗೆ 15 ಡಿಗ್ರಿಗಿಂತ ವೇಗವಾಗಿ ಇಳಿಯಬಾರದು, 60ಕ್ಕಿಂತ ಮೇಲಿರುವಾಗ ಹೊರಗೆ ತೆಗೆಯಲೇಬಾರದು. ಬಿಸಿ ಶೀಟನ್ನು ಗ್ರಾನೈಟ್ ಕಲ್ಲಿನ ಮೇಲೆ ಇಟ್ಟರೆ ಹೋದ ಎಳೆತ ಮತ್ತೆ ಬಂದು ಕೂರುತ್ತದೆ.

ಮನೆಯ ಓಟಿಜಿ (ಕೇಕ್ ಬೇಯಿಸುವ ಕರೆಂಟ್ ಓವನ್) ಚಿಕ್ಕ ತುಂಡುಗಳಿಗೆ ಸಾಕು, ಆದರೆ ಅದರ ತಿರುಗಣೆಯ ಸಂಖ್ಯೆಯನ್ನು ನಂಬಬೇಡಿ. ಒಳಗೆ ಬೇರೆ ಥರ್ಮಾಮೀಟರ್ ಇಡಿ. ಕಾಯಿಲ್ ನೇರ ಕಾಣುವ ಕಡೆ ಅಲ್ಯೂಮಿನಿಯಂ ತಟ್ಟೆ ಅಡ್ಡ ಇಟ್ಟರೆ ಮೇಲ್ಮೈ ಮಾತ್ರ ಸುಡುವುದು ತಪ್ಪುತ್ತದೆ. ರಕ್ಷಣಾ ಕಾಗದ, ಫಿಲ್ಮ್ ಎಲ್ಲ ಮೊದಲೇ ಸುಲಿಯಿರಿ. ಐಪಿಎ ಅಥವಾ ಗೋಂದಿನ ಒದ್ದೆ ಇರುವ ತುಂಡನ್ನು ಒಳಗಿಡಲೇಬೇಡಿ. ತಣಿಯುವಾಗ ಕರೆಂಟ್ ಹೋದರೆ ಗಾಬರಿ ಬೇಡ, ಬಾಗಿಲು ಮುಚ್ಚಿಯೇ ಇರಲಿ. ಕಾಯಿಸುವಾಗ ಹೋದರೆ ಮತ್ತೆ 80 ತಲುಪಿದ ಕ್ಷಣದಿಂದ ಗಂಟೆ ಎಣಿಸಿ.

ಅಂಟಿಸುವ ಕೆಲಸ ಇದ್ದರೆ ಅನೀಲ್ ಆದ ಮೇಲೆಯೇ ಅಂಟಿಸಿ. ನಮ್ಮಲ್ಲಿ ಬಹಳಷ್ಟು ಅಂಗಡಿಗಳಲ್ಲಿ ಕ್ಲೋರೋಫಾರ್ಮ್ ಬಳಸುತ್ತಾರೆ. ಲೇಸರ್ ಅಂಚಿಗೆ ನೇರ ಹಾಕಿದರೆ ಜೋಡಿಸಿದ ಜಾಗದ ಸುತ್ತ ಕ್ರೇಜ್ ಏಳುವುದು ಖಚಿತ ಎನ್ನುವಷ್ಟು ಸಾಮಾನ್ಯ. ಅದರ ಆವಿ ಲಿವರ್‌ಗೆ ಕೆಟ್ಟದ್ದು. ಮುಚ್ಚಿದ ಕೋಣೆಯಲ್ಲಿ ಅದನ್ನು ಮುಟ್ಟಬಾರದು, ಈ ಮಾತನ್ನು ಕೆಲಸದ ಹುಡುಗರಿಗೆ ದಯವಿಟ್ಟು ಹೇಳಿ.

ತೂತು, ಮೂಲೆ, ಬೋಲ್ಟ್

ಹರಿತವಾದ ಡ್ರಿಲ್, ಮೆಲ್ಲನೆ ಒತ್ತು, ಆಗಾಗ ಹೊರತೆಗೆದು ಪುಡಿ ಕೊಡವುವುದು. ತೂತಿನಿಂದ ಬರುವ ಸಿಪ್ಪೆ ಸುರುಳಿಯಾಗಿ ಒಣಗಿ ಬಂದರೆ ಸರಿ, ಅಂಟಂಟಾಗಿ ಕರಗಿ ಬಂದರೆ ತೂತಿನ ಗೋಡೆಯಲ್ಲಿ ಎಳೆತ ಸೇರಿತು ಎಂದೇ ಲೆಕ್ಕ.

ಅಕ್ರಿಲಿಕ್ ಒಂದು ಡಿಗ್ರಿಗೆ ಒಂದು ಮೀಟರಿಗೆ 0.07 ಮಿ.ಮೀ. ಹಿಗ್ಗುತ್ತದೆ. ಡಿಸೆಂಬರ್ ಮುಂಜಾವಿನ ಚಳಿಗೂ ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಕಾದ ಬೋರ್ಡಿಗೂ 30 ಡಿಗ್ರಿ ವ್ಯತ್ಯಾಸ ಹಿಡಿದರೂ ಒಂದು ಮೀಟರ್ ಬೋರ್ಡು 2.1 ಮಿ.ಮೀ. ಆಡುತ್ತದೆ. 6 ಮಿ.ಮೀ. ಬೋಲ್ಟಿಗೆ 6 ಮಿ.ಮೀ. ತೂತು ಕೊರೆದರೆ ಆ ಆಟಕ್ಕೆ ಜಾಗವಿಲ್ಲ. 8 ಅಥವಾ 9 ಕೊರೆದು, ರಬ್ಬರ್ ವಾಷರ್ ಹಾಕಿ, ಕೈಬಿಗಿಗಿಂತ ಕಾಲು ಸುತ್ತು ಮಾತ್ರ ಹೆಚ್ಚು ತಿರುಗಿಸಿ. ತಲೆ ಒಳಕ್ಕೆ ಇಳಿಯುವ ಸ್ಕ್ರೂ ಬೇಡವೇ ಬೇಡ, ಅದು ಬೆಣೆಯಂತೆ ತೂತನ್ನು ಅಗಲಿಸಿ ಸುತ್ತಲೂ ಎಳೆತ ಹುಟ್ಟಿಸುತ್ತದೆ.

2024ರಲ್ಲಿ ನಾಮಫಲಕದ 60 ಶೇಕಡ ಕನ್ನಡದಲ್ಲಿರಬೇಕೆಂದು ಕಾನೂನು ತಿದ್ದುಪಡಿಯಾದ ಮೇಲೆ ಊರಿನಲ್ಲಿ ಕನ್ನಡದ ಅಕ್ರಿಲಿಕ್ ಅಕ್ಷರ ಹೆಚ್ಚಿದೆ, ಸಂತೋಷ. ನಮ್ಮ ಅಕ್ಷರ ದುಂಡಗಿರುವುದು ಪ್ಲಾಸ್ಟಿಕ್ಕಿಗೂ ಒಳ್ಳೆಯದೇ. ಆದರೆ ತಲೆಕಟ್ಟು ಅಕ್ಷರದ ಮೈಗೆ ಸೇರುವ ಕಂಕುಳಲ್ಲಿ, ಒತ್ತಕ್ಷರ ಅಂಟುವ ಸಂದಿನಲ್ಲಿ, ಲೇಸರ್ ಫೈಲಿನಲ್ಲಿ ಚೂಪು ಮೂಲೆ ಉಳಿದಿರುತ್ತದೆ. ಕ್ರೇಜ್ ಹುಡುಕಬೇಕಾದರೆ ಮೊದಲು ಅಲ್ಲೇ ನೋಡಿ. ಫೈಲಿನಲ್ಲಿ ಪ್ರತಿ ಒಳಮೂಲೆಗೂ ಕನಿಷ್ಠ 1.5 ಮಿ.ಮೀ. ತ್ರಿಜ್ಯದ ದುಂಡು ಕೊಡಿ. ಅಕ್ಷರದ ರೂಪ ಕಣ್ಣಿಗೆ ಬದಲಾಗುವುದಿಲ್ಲ.

ಈಗಾಗಲೇ ಕ್ರೇಜ್ ಬಂದಿದ್ದರೆ

ಹೊಳಪಿನ ಪೇಸ್ಟ್ ಹಾಕಿ ಉಜ್ಜಬೇಡಿ. ಗೆರೆ ಮೇಲ್ಮೈಯಿಂದ ಒಳಕ್ಕೆ ಇಳಿದಿರುತ್ತದೆ, ಪೇಸ್ಟಿನ ದ್ರವ ಅದರೊಳಗೇ ಇಳಿದು ಇನ್ನಷ್ಟು ಬೆಳೆಸುತ್ತದೆ. 105 ಡಿಗ್ರಿ ದಾಟಿಸಿದರೆ ನೂಲುಗಳು ಹಿಂದಕ್ಕೆ ಸೇದಿಕೊಂಡು ಕ್ರೇಜ್ ವಾಸಿಯಾಗುತ್ತದೆ ಎಂಬುದು ನಿಜ, ಆದರೆ ಆ ಬಿಸಿಗೆ ವಸ್ತುವಿನ ಆಕಾರವೂ ಉಳಿಯುವುದಿಲ್ಲ. ಹಾಗಾಗಿ ಚಿಕ್ಕ ಚಪ್ಪಟೆ ತುಂಡಿಗೆ ಮಾತ್ರ ಅದು ಸಾಧ್ಯ. ಅಲಂಕಾರದ ಅಕ್ಷರವಾದರೆ ಒಣಬಟ್ಟೆಯಲ್ಲಿ ಮಾತ್ರ ಒರೆಸುತ್ತ ಇನ್ನೂ ಕೆಲವು ಕಾಲ ಇಟ್ಟುಕೊಳ್ಳಬಹುದು. ನೀರು ತುಂಬಿದ ಅಕ್ವೇರಿಯಂ, ತಲೆಯ ಮೇಲಿನ ಛಾವಣಿ ಹಾಳೆ, ಯಂತ್ರದ ಮುಂದಿನ ರಕ್ಷಣಾ ತಡೆ, ಒತ್ತಡದ ಪಾತ್ರೆಯ ಕಿಟಕಿ ಇವುಗಳಲ್ಲಿ ಕ್ರೇಜ್ ಕಂಡರೆ ಅಂದೇ ಕೆಳಗಿಳಿಸಿ ಬದಲಿಸಿ. ನೂಲುಗಳು ಈಗ ಭಾರ ಹೊತ್ತಿವೆ, ಯಾವ ದಿನ ಹರಿಯುತ್ತವೆ ಎಂದು ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ.

ಬದಲಿಸುವಾಗ ಹಳೆಯ ಹಾಳೆಯನ್ನು ಎಸೆಯುವ ಮೊದಲು ಗೆರೆಗಳ ದಿಕ್ಕನ್ನು ಮಾರ್ಕರ್‌ನಲ್ಲಿ ಗುರುತಿಸಿ ಒಂದು ಫೋಟೋ ತೆಗೆದಿಡಿ. ತೂತಿನಿಂದ ಸೂರ್ಯನ ಕಿರಣದಂತೆ ಸುತ್ತಲೂ ಹೊರಟಿದ್ದರೆ ಬೋಲ್ಟ್ ಅಥವಾ ಸ್ಕ್ರೂ ಬೆಣೆಯಾಗಿ ತೂತನ್ನು ಅಗಲಿಸಿದೆ, ಇಲ್ಲವೇ ಕೊರೆದಾಗಿನ ಬಿಸಿಯಿಂದ ಬಂದ ಎಳೆತ ತೂತಿನ ಗೋಡೆಯಲ್ಲಿ ಉಳಿದಿದೆ. ತೂತಿನ ಎದುರುಬದುರು ಎರಡೇ ಕಡೆ ಇದ್ದರೆ ಹಿಗ್ಗು-ಕುಗ್ಗಿನ ಎಳೆತ, ಅದು ಆ ಗೆರೆಗಳಿಗೆ ಅಡ್ಡ ದಿಕ್ಕಿನಲ್ಲಿ ನಡೆದಿದೆ. ಅಂಚಿಗೆ ಲಂಬವಾಗಿ ಸಾಲಾಗಿದ್ದರೆ ಅನೀಲ್ ಆಗದ ಲೇಸರ್ ಅಂಚು. ಹೊಸ ಹಾಳೆಯಲ್ಲಿ ತಿದ್ದಬೇಕಾದ್ದು ಆ ಒಂದನ್ನೇ.